ಭಂಗಾರದ ಕತ್ತಿ, ಅಥಣಿಯ ಪಟ್ಟಿ

ನನ್ನ ಹತ್ತಿರ ಈಗ 31 ಕ್ಷೌರದ ಕತ್ತಿಗಳಿವೆ. ಅವುಗಳಲ್ಲಿ ನಾಲ್ಕನ್ನು ಕೆಡಿಸಿದವನು ನಾನೇ. ನೂರು ವರ್ಷ ಯಾರ ಯಾರದೋ ಕೈಯಲ್ಲಿ ಬಾಳಿ ಬಂದ ಕತ್ತಿಗಳು ನನ್ನ ಆರೈಕೆಗೆ ಸಿಕ್ಕ ಒಂದೇ ಮಳೆಗಾಲದಲ್ಲಿ ಕೆಟ್ಟವು. ಹಾಗಾಗಿ ಕತ್ತಿ ಎಲ್ಲಿ ಸಿಕ್ಕಿತು ಎಂದು ಯಾರಾದರೂ ಕೇಳಿದರೆ ಅದನ್ನು ಎರಡು ಮಾತಿನಲ್ಲಿ ಮುಗಿಸಿ, ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನೇ ಉದ್ದಕ್ಕೆ ಹೇಳುತ್ತೇನೆ.

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ 26 ವರ್ಷ ದುಡಿದವನು ನಾನು. ಮೊದಲ ಕತ್ತಿ ಸಿಕ್ಕಿದ್ದು ಹಳೆಯ ಬೆಂಚ್ ವೈಸ್ ಹುಡುಕಿಕೊಂಡು ಗುಜರಿ ಅಂಗಡಿಗೆ ಹೋದಾಗ. ನಮ್ಮ ಕಡೆ ಮರಾಠಿಯ ಒಡನಾಟದಿಂದ ಗುಜರಿಗೆ ಭಂಗಾರ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಬಂಗಾರವೇ. ಬೋಲ್ಟುಗಳ ಡಬ್ಬಿಯ ತಳದಲ್ಲಿ ಕಪ್ಪು ಹಿಡಿಯ ವಸ್ತರಾ ಬಿದ್ದಿತ್ತು. ಐವತ್ತು ರೂಪಾಯಿ ಕೊಟ್ಟು ತಂದು, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಾಗ ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಒಂದು ಶಿಲುಬೆ ಎದ್ದು ಬಂದವು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕತ್ತಿ ಮಾಡುತ್ತಿದ್ದ ಜೋಸೆಫ್ ರಾಜರ್ಸ್ ಮನೆತನದ ಗುರುತು ಅದು, 1682ರಷ್ಟು ಹಿಂದಿನದು. ನಮ್ಮ ಕ್ಯಾಂಪಿನ, ಅಂದರೆ ದಂಡುಪ್ರದೇಶದ, ಯಾವ ದೊರೆಯ ಗಲ್ಲ ಕೆರೆದಿತ್ತೋ ದೇವರೇ ಬಲ್ಲ. ಬೆಂಚ್ ವೈಸ್ ಕೊಳ್ಳುವುದು ಅಂದು ಮರೆತೇಹೋಯಿತು.

ಬುಡದ ಮೇಲಿನ ಅಕ್ಷರ ಓದಲು ಕಲಿತರೆ ವಯಸ್ಸು ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ. ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಆಮೇಲೆ ಕತ್ತಿಗಳ ಮೇಲೆ ಇಂಗ್ಲೆಂಡ್, ಜರ್ಮನಿ ಎಂಬ ಮುದ್ರೆ ಹೆಚ್ಚಾಯಿತು. ಬರೀ ಶೆಫೀಲ್ಡ್ ಎಂದಿದ್ದರೆ ಅದಕ್ಕಿಂತ ಹಳೆಯದು ಇರಬಹುದು, ಆದರೆ ಅದನ್ನೇ ನಂಬಿ ಹಣ ಸುರಿಯಬಾರದು. ಕತ್ತಿಗಳಿಗೆ ಹೆಸರಾದ ಜರ್ಮನಿಯ ಊರು ಜೋಲಿಂಗನ್. ಆ ಹೆಸರಿಗೆ ಅಲ್ಲಿ 1938ರಿಂದ ಕಾನೂನಿನ ರಕ್ಷಣೆ ಇದೆ. ನಾನಂತೂ ಹೆಸರಿಗಿಂತ ಮೊದಲು ಬಾಯಿ, ಅಂದರೆ ಹರಿತದ ಅಂಚು ನೋಡುತ್ತೇನೆ. ಬೆನ್ನಿನ ಮೇಲೆ ತುಕ್ಕು ಇದ್ದರೆ ಚಿಂತೆಯಿಲ್ಲ. ಬಾಯಿಯ ಹತ್ತಿರ ಚುಕ್ಕೆ ಚುಕ್ಕೆಯಾಗಿ ತಿಂದಿದ್ದರೆ, ಕೂದಲೆಳೆಯಷ್ಟು ಸೀಳು ಕಂಡರೆ, ಅಂಗಡಿಯವನು ಪುಕ್ಕಟೆ ಕೊಟ್ಟರೂ ಬೇಡ.

ಸಂಗ್ರಹದ ಒಂಬತ್ತು ಕತ್ತಿಗಳು ಬೈಲಹೊಂಗಲದ ಕಡೆಯ ಹಿರಿಯ ಕ್ಷೌರಿಕರೊಬ್ಬರವು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಏಡ್ಸ್ ಭಯ ಹಬ್ಬಿದ ಮೇಲೆ ಗಿರಾಕಿಗಳು ಪ್ರತಿಯೊಬ್ಬರಿಗೂ ಹೊಸ ಬ್ಲೇಡ್ ಕೇಳತೊಡಗಿದರಂತೆ. ಕತ್ತಿಗಳು ಹಡಪ ಸೇರಿದವು. ಹಡಪ ಎಂದರೆ ಕ್ಷೌರದ ಸಾಮಾನಿನ ಚೀಲ. ಅವರು ಕತ್ತಿ ಕೊಟ್ಟರು, ಹಡಪ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಇನ್ನು ನಾನು ಮಾಡಿದ ಅನಾಹುತ. ಎಣ್ಣೆ ಹಚ್ಚಿದರೆ ತುಕ್ಕು ಹಿಡಿಯುವುದಿಲ್ಲ ಎಂಬುದು ಟೂಲ್‌ರೂಮಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಜೂನ್ ತಿಂಗಳು, ಹೊರಗೆ ಬಿಡದ ಮಳೆ, ಕೈಗೆ ಸಿಕ್ಕಿದ್ದು ಅಡುಗೆಮನೆಯ ಕುಸುಬಿ ಎಣ್ಣೆ. ಗಾಣದ ಶುದ್ಧ ಎಣ್ಣೆ, ರೊಟ್ಟಿ–ಚಟ್ನಿಗೆ ಆಗುವುದು ಕಬ್ಬಿಣಕ್ಕೆ ಆಗದೇ ಎಂದು ಏಳು ಕತ್ತಿಗಳಿಗೂ ಧಾರಾಳವಾಗಿ ಬಳಿದೆ. ಎರಡು ತಿಂಗಳ ನಂತರ ತೆಗೆದರೆ ಅಲಗುಗಳ ಮೇಲೆ ಹಳದಿ ಮೇಣದಂಥ ಪದರ, ಕೀಲುಗಳು ಅಂಟಿ ಕೂತು ಕತ್ತಿ ತೆರೆಯುವುದೇ ಕಷ್ಟ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು. ಬಣ್ಣ ತಯಾರಿಸುವವರು ಅದನ್ನು ಬಳಸುವುದೇ ಆ ಗುಣಕ್ಕಾಗಿ. ಆ ಪದರದ ಕೆಳಗೆ ಸೇರಿದ ತೇವ ಆರಲೂ ಇಲ್ಲ, ಹೊರಗೆ ಬರಲೂ ಇಲ್ಲ. ಸ್ಪಿರಿಟ್ಟಿನಲ್ಲಿ ನೆನೆಸಿ, ಬಿದಿರಿನ ಕಡ್ಡಿಯಿಂದ ಕೆರೆದು ಐದನ್ನು ಉಳಿಸಿಕೊಂಡೆ. ಎರಡರ ಬಾಯಿ ತಿಂದು ಹೋಗಿತ್ತು. ಈಗ ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆಯೂ ನಡೆಯುತ್ತದೆ. ಒಂದು ಹನಿ ಸಾಕು, ಬೆರಳಿಗೆ ಜಿಡ್ಡು ಹತ್ತಬೇಕು, ಕಣ್ಣಿಗೆ ಕಾಣಬಾರದು.

ಕೆಟ್ಟ ನಾಲ್ಕರಲ್ಲಿ ಇನ್ನೆರಡನ್ನು ಕೊಂದದ್ದು ಹಿಡಿ. ಆಮೆಚಿಪ್ಪಿನಂತೆ ಹೊಳೆಯುವ ಹಳೆಯ ಹಿಡಿಗಳು ಬಹಳಷ್ಟು ಸಲ ಸೆಲ್ಯುಲಾಯ್ಡ್. ಬಟ್ಟೆಯಿಂದ ಬಿರುಸಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಅದನ್ನು ಮಾಡುವುದೇ ಕರ್ಪೂರ ಸೇರಿಸಿ. ಇದು ಹಳತಾದಂತೆ ಒಳಗೊಳಗೇ ಕೆಟ್ಟು ಆಮ್ಲದ ಹಬೆ ಬಿಡುತ್ತದೆ. ತನ್ನ ಅಲಗನ್ನು ತಿನ್ನುವುದಲ್ಲದೆ ಪೆಟ್ಟಿಗೆಯಲ್ಲಿರುವ ನೆರೆಯವರನ್ನೂ ತಿನ್ನುತ್ತದೆ. ಅಂಥ ಕತ್ತಿಗಳನ್ನು ಈಗ ಬೇರೆಯಾಗಿ, ಗಾಳಿಯಾಡುವಂತೆ ಇಡುತ್ತೇನೆ. ಹಿಡಿ ಪೂರ್ತಿ ಕೆಟ್ಟಿದ್ದರೆ ಬಡಗಿಯ ಹತ್ತಿರ ಬಿದ್ದಿರುವ ಬೀಟೆಯ ಚೂರಿನಿಂದ ಹೊಸದನ್ನು ಮಾಡುತ್ತೇನೆ. ಹಿಡಿಗೆ ಅಲಗನ್ನು ಜೋಡಿಸುವ ಕೀಲಿಗೆ ಒಂದೂವರೆ ಮಿಲಿಮೀಟರಿನ ಹಿತ್ತಾಳೆ ತಂತಿಯನ್ನು ಶಹಾಪುರದ ಪತ್ತಾರರೊಬ್ಬರು ಎಳೆದುಕೊಡುತ್ತಾರೆ. ಅದರ ತುದಿಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅರಳಿಸಬೇಕು. ಅವಸರ ಮಾಡಿದರೆ ಬೀಟೆ ಸೀಳುತ್ತದೆ.

ಅತಿ ಹೆಚ್ಚು ದಿನ ತಿಂದದ್ದು ಕತ್ತಿಯ ಬಾಯಿಯನ್ನು ಎಳೆದು ನಯ ಮಾಡುವ ಚರ್ಮದ ಪಟ್ಟಿ. ಕಲ್ಲಿನ ಮೇಲೆ ಮಸೆಯುವುದು ತಿಂಗಳುಗಟ್ಟಲೆಗೆ ಒಮ್ಮೆ, ಪಟ್ಟಿಗೆ ಎಳೆಯುವುದು ಪ್ರತಿ ಕ್ಷೌರಕ್ಕೂ ಮೊದಲು. ಹೊರದೇಶದ ಪಟ್ಟಿಯ ಬೆಲೆ ಕೇಳಿ ಸುಮ್ಮನಾದವನಿಗೆ ಕೊಲ್ಹಾಪುರಿ ಚಪ್ಪಲಿ ಮಾಡುವ ನಮ್ಮ ಜಿಲ್ಲೆಯ ಅಥಣಿ ನೆನಪಾಯಿತು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿವೆ. ಆ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಕ್ರೋಮ್ ರಾಸಾಯನಿಕದಿಂದ ಹದ ಮಾಡಿದ ಚರ್ಮ ಮೆತ್ತಗೆ ಜಗ್ಗುತ್ತದೆ, ಎಳೆಯುವಾಗ ಬಾಯಿಯ ಮುಂದೆ ಅಲೆಯಂತೆ ಎದ್ದು ಅಂಚನ್ನು ಉರುಟು ಮಾಡುತ್ತದೆ.

ಅಥಣಿಗೆ ಹೋಗಿ, ದಪ್ಪ ಇದ್ದಷ್ಟೂ ಒಳ್ಳೆಯದೆಂದು ಎಮ್ಮೆ ಚರ್ಮದ ಐದು ಮಿಲಿಮೀಟರ್ ಅಟ್ಟೆಯನ್ನು ತಂದೆ. ಹಲಗೆ! ಕತ್ತಿ ಅದರ ಮೇಲೆ ಪಾಟಿಯ ಮೇಲೆ ಬಳಪ ಜಾರಿದಂತೆ ಜಾರಿತು. ಮುಂದಿನ ತಿಂಗಳು ಅದನ್ನೇ ಹಿಡಿದು ಮತ್ತೆ ಹೋದೆ. ಚಪ್ಪಲಿಗೆ ಜಡೆ ಹೆಣೆಯುತ್ತ ಕೂತಿದ್ದ ಹೆಣ್ಣುಮಗಳು ನಗುತ್ತ, “ಅಣ್ಣಾ, ಇದು ಮೆಟ್ಟುವ ಚರ್ಮ. ಎಳೆಯುವ ಚರ್ಮ ಬೇರೆ ಇದೆ” ಎಂದು ಒಳಗಿನಿಂದ ಮೂರು ಮಿಲಿಮೀಟರಿನ ತುಂಡು ತಂದರು. ಹೊಟ್ಟೆಯ ಭಾಗ ಹಿಗ್ಗುತ್ತದೆ, ಬೆನ್ನಿನದನ್ನೇ ತೆಗೆದುಕೊಳ್ಳಿ ಎಂದು ಹೇಳಿಕೊಟ್ಟವರೂ ಅವರೇ.

ಏಳು ಸೆಂಟಿಮೀಟರ್ ಅಗಲ, ಐವತ್ತೈದು ಉದ್ದಕ್ಕೆ ಕತ್ತರಿಸಿದೆ. ಮೈಕ್ರೋಮೀಟರ್ ಹಿಡಿದು ನೋಡಿದರೆ ಒಂದು ತುದಿಗೂ ಇನ್ನೊಂದು ತುದಿಗೂ 0.6 ಮಿಲಿಮೀಟರ್ ವ್ಯತ್ಯಾಸ. ಚಪ್ಪಲಿ ಮಾಡುವವರಿಗೆ ಇದು ಲೆಕ್ಕಕ್ಕೇ ಇಲ್ಲ, ನನಗೆ ನಿದ್ದೆ ಬರಲಿಲ್ಲ. ಒಳಮೈಯನ್ನು ಒಡೆದ ಗಾಜಿನ ಅಂಚಿನಿಂದ ಹೆರೆದು ಸಮ ಮಾಡಿದೆ. ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗಾಜಿನ ಬಾಟಲಿಯನ್ನು ಲತ್ತಗುಣಿಯಂತೆ ಉರುಳಿಸಿ ಒತ್ತಿದೆ. ಎಣ್ಣೆ ಹಚ್ಚಲಿಲ್ಲ, ಕುಸುಬಿಯ ನೆನಪು ಇನ್ನೂ ಹಸಿಯಾಗಿತ್ತು. ಬದಲಿಗೆ ದಿನಾ ಸಂಜೆ ಅಂಗೈಯಿಂದ ಉಜ್ಜಿದೆ. ಮೂರು ವಾರಕ್ಕೆ ಬಣ್ಣ ಬೆಲ್ಲದಂತಾಯಿತು, ಕತ್ತಿಯನ್ನು ಮೆಲ್ಲಗೆ ಹಿಡಿದು ಬಿಡುವ ಗುಣ ಬಂತು. ಹಿಂಬದಿಗೆ ಎರಡು ಪದರದ ದಪ್ಪ ಖಾದಿ, ಕುದಿಸಿ ಗಂಜಿ ತೆಗೆದದ್ದು. ತುದಿಗಳಿಗೆ ಹಿತ್ತಾಳೆ ಪಟ್ಟಿ ಕೂರಿಸಿ, ಹೊಲಿಯದೆ ಸ್ಕ್ರೂ ಹಾಕಿದೆ, ಚರ್ಮ ಹರಿದರೆ ಬದಲಿಸಬಹುದು ಎಂದು.

ಹರಿಯಲು ಒಂದು ವಾರವೂ ಬೇಕಾಗಲಿಲ್ಲ. ಬೆನ್ನು ಮುಂದೆ, ಬಾಯಿ ಹಿಂದೆ ಇಟ್ಟುಕೊಂಡು ಎಳೆಯಬೇಕು. ತುದಿ ಮುಟ್ಟಿದಾಗ ಬೆನ್ನನ್ನು ಚರ್ಮದಿಂದ ಎತ್ತದೆ, ಬೆನ್ನಿನ ಮೇಲೆಯೇ ಕತ್ತಿಯನ್ನು ಹೊರಳಿಸಬೇಕು. ನಾನು ಬಾಯಿಯ ಮೇಲೆ ಹೊರಳಿಸಿದೆ. ಬೆರಳುದ್ದದ ಸೀಳು. ಆ ಸೀಳನ್ನು ಅಂಟು ಹಾಕಿ ಕೂಡಿಸಿ, ಮರಳು ಕಾಗದದಿಂದ ತಿಕ್ಕಿ ಇಂದಿಗೂ ಬಳಸುತ್ತಿದ್ದೇನೆ. ಮೊದಲು ಖಾದಿಯ ಮೇಲೆ ಮೂವತ್ತು, ಆಮೇಲೆ ಚರ್ಮದ ಮೇಲೆ ಅರವತ್ತು ಎಳೆತ ನನ್ನ ಲೆಕ್ಕ.

ಸಾಣೆಕಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1000, 5000, 8000, 12000 ನಂಬರಿನ ನಾಲ್ಕು ಕಲ್ಲು ಸಾಕು, ನಂಬರು ಏರಿದಂತೆ ಕಲ್ಲು ನಯ. ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ಕೂತಿರಬೇಕು. ಕೋನವನ್ನು ಬೆನ್ನೇ ನೋಡಿಕೊಳ್ಳುತ್ತದೆ. ಕಲ್ಲು ಮಾತ್ರ ಸಮತಟ್ಟಾಗಿರಬೇಕು. ಅದರ ಮೇಲೆ ಪೆನ್ಸಿಲ್ ಗೆರೆ ಎಳೆದು, ಗಾಜಿಗೆ ಅಂಟಿಸಿದ ಮರಳು ಕಾಗದದ ಮೇಲೆ ನೀರು ಹಾಕಿ ಉಜ್ಜುತ್ತೇನೆ. ಗೆರೆ ಎಲ್ಲೂ ಉಳಿಯದಿದ್ದರೆ ಕಲ್ಲು ಸಿದ್ಧ.

ಇಡುವುದಕ್ಕೆ ಚರ್ಮದ ಚೀಲ ಬೇಡ, ಅದು ತೇವ ಹಿಡಿಯುತ್ತದೆ. ಹೆಂಡತಿ ಕುಪ್ಪಸಕ್ಕೆಂದು ಇಟ್ಟಿದ್ದ ಗುಳೇದಗುಡ್ಡದ ಖಣವನ್ನು ಬೇಡಿ ಪಡೆದು, ಒಳಗೆ ಹತ್ತಿ ಬಟ್ಟೆ ಕೊಟ್ಟು, ಹನ್ನೆರಡು ಜೇಬಿನ ಸುರುಳಿ ಹೊಲಿಸಿದೆ. ಮಳೆಗಾಲದಲ್ಲಿ ಸಿಲಿಕಾ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ, ಹದಿನೈದು ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ. ವಿಜಯಪುರದ ಗೆಳೆಯನೊಬ್ಬ ತನ್ನ ಕತ್ತಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮರೆತುಬಿಡುತ್ತಾನೆ. ಅವನ ಒಣ ಹವೆಯ ಮೇಲೆ ನನಗೆ ಹೊಟ್ಟೆಕಿಚ್ಚು.

ಹೋದ ದೀಪಾವಳಿಗೆ ಕಾಕಾ ಮನೆಗೆ ಬಂದಿದ್ದರು. ಪಟ್ಟಿಯ ಸೀಳಿನ ಮೇಲೆ ಹೆಬ್ಬೆರಳು ಆಡಿಸಿ, “ತಮ್ಮಾ, ಇದು ಎಲ್ಲರ ಪಟ್ಟಿಯ ಮೇಲೂ ಇರುತ್ತದೆ” ಎಂದರು. ತಮ್ಮದೇ ಹಳೆಯ ಕತ್ತಿಯನ್ನು ಸುರುಳಿಯಿಂದ ತೆಗೆದು ಎಳೆಯತೊಡಗಿದರು. ನಾನು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹದಿನಾಲ್ಕಕ್ಕೇ ನಿಲ್ಲಿಸಿ ನನ್ನ ಗಲ್ಲಕ್ಕೆ ನೀರು ಹಚ್ಚಿದರು.