ಅಮೆರಿಕದಲ್ಲಿ ಹೊಸ ವೀಸಾ ನಿಯಮದ ಕರಡು ಬಂದಾಗ ಸರ್ಕಾರಕ್ಕೆ ಕಾಮೆಂಟ್ ಕಳಿಸೋದು ಹೇಗೆ

ಕೆಲಸದ ವೀಸಾ ಎಚ್-1ಬಿ ಬಗ್ಗೆಯೋ ಸ್ಟೂಡೆಂಟ್ ವೀಸಾ ಎಫ್-1 ಬಗ್ಗೆಯೋ ಹೊಸ ನಿಯಮ ಬರುತ್ತಂತೆ ಅನ್ನೋ ಸುದ್ದಿ ಬಂದರೆ ಸಾಕು, ಇಲ್ಲಿನ ಕನ್ನಡದವರ ವಾಟ್ಸಾಪ್ ಗ್ರೂಪುಗಳಲ್ಲಿ ರಾತ್ರಿಯಿಡೀ ಮೆಸೇಜು. ಒಬ್ಬರು ಯೂಟ್ಯೂಬ್ ಲಿಂಕ್ ಹಾಕುತ್ತಾರೆ, ಇನ್ನೊಬ್ಬರು ಅವರ ಲಾಯರ್ ಹೇಳಿದ್ದನ್ನು ಹಾಕುತ್ತಾರೆ, ಅಷ್ಟರಲ್ಲಿ ಊರಿಂದ ಅಮ್ಮ ಫೋನ್ ಮಾಡಿ ‘ವಾಪಸ್ ಬರಬೇಕಾಗುತ್ತೇನೋ?’ ಅಂತ ಕೇಳುತ್ತಾರೆ. ಎಷ್ಟೋ ಸಲ ಆ ಸುದ್ದಿಯಲ್ಲಿರೋದು ಜಾರಿಯಾದ ನಿಯಮವೇ ಅಲ್ಲ, ಬರೀ ಕರಡು. ಅದರ ಮೇಲೆ ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು. ಬಂದದ್ದನ್ನು ಇಲಾಖೆ ಪರಿಗಣಿಸಲೇಬೇಕು. ಇಷ್ಟು ದೊಡ್ಡ ಅವಕಾಶ ಇದ್ದರೂ ನಮ್ಮವರು ಗ್ರೂಪಿನಲ್ಲಿ ಬರೆದಷ್ಟು ಅಲ್ಲಿ ಬರೆಯೋದಿಲ್ಲ. ನನಗೆ ಬೇಸರ ಆಗೋದು ಅದಕ್ಕೇ.

ಮೊದಲು ಒಂದು ಅನುಮಾನ ತೆಗೆದುಬಿಡೋಣ. ಕಾಮೆಂಟ್ ಕಳಿಸಲು ಅಮೆರಿಕದ ಸಿಟಿಜನ್ ಆಗಿರಬೇಕಿಲ್ಲ, ಗ್ರೀನ್ ಕಾರ್ಡ್ ಕೂಡ ಬೇಡ. ಎಚ್-1ಬಿಯಲ್ಲಿರೋರು, ಎಫ್-1ನಲ್ಲಿ ಓದುತ್ತಿರೋರು, ಎಚ್-4ನಲ್ಲಿ (ಎಚ್-1ಬಿಯವರ ಗಂಡ, ಹೆಂಡತಿ, ಮಕ್ಕಳ ವೀಸಾ) ಮನೆಯಲ್ಲಿರೋರು, ಮೈಸೂರಿನಲ್ಲಿ ಕೂತು ಅಡ್ಮಿಷನ್‌ಗೆ ಕಾಯುತ್ತಿರೋ ಹುಡುಗಿ, ಎಲ್ಲರೂ ಕಳಿಸಬಹುದು. ಕಾಸು ಖರ್ಚಿಲ್ಲ, ಲಾಯರ್ ಬೇಕಿಲ್ಲ.

ಇದರಿಂದ ಏನಾದರೂ ಆಗುತ್ತಾ ಅಂತ ಕೇಳುತ್ತೀರಿ. ಆಗುತ್ತದೆ. 1946ರ ಅಡ್ಮಿನಿಸ್ಟ್ರೇಟಿವ್ ಪ್ರೊಸೀಜರ್ ಆ್ಯಕ್ಟ್ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಇಲಾಖೆಗಳು ಹೊಸ ನಿಯಮ ಮಾಡುವ ಮೊದಲು ಕರಡು ಪ್ರಕಟಿಸಿ ಜನರ ಮಾತು ಕೇಳಬೇಕು. ಕೇಳದೆ ಮಾಡಿದರೆ ಕೋರ್ಟಿನಲ್ಲಿ ನಿಲ್ಲೋದು ಕಷ್ಟ. ಸ್ಟೆಮ್ ಓಪಿಟಿಯನ್ನೇ ನೋಡಿ, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದ ಎಫ್-1ನವರು ಪದವಿ ಮುಗಿದ ಮೇಲೆ ಇಲ್ಲಿ ಕೆಲಸ ಮಾಡಲು ಸಿಗುವ ಹೆಚ್ಚುವರಿ ಅವಧಿ. 2008ರಲ್ಲಿ 17 ತಿಂಗಳ ವಿಸ್ತರಣೆಯನ್ನು ಜನರ ಅಭಿಪ್ರಾಯ ಕೇಳದೆ ತಂದಿದ್ದರು. 2015ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಡಿಸಿಯ ಫೆಡರಲ್ ಕೋರ್ಟ್ ಅದೇ ಕಾರಣಕ್ಕೆ ಅದನ್ನು ರದ್ದು ಮಾಡಿತು, ಆದರೆ ಸರಿಪಡಿಸಲು ಇಲಾಖೆಗೆ ಸಮಯ ಕೊಟ್ಟಿತು. ಅಕ್ಟೋಬರ್‌ನಲ್ಲಿ ಕರಡು ಬಂತು, 50 ಸಾವಿರಕ್ಕೂ ಜಾಸ್ತಿ ಕಾಮೆಂಟ್ ಬಂದವು, 2016ರ ಮಾರ್ಚ್‌ನಲ್ಲಿ ಇವತ್ತಿನ 24 ತಿಂಗಳ ನಿಯಮ ಬಂತು. 2020ರ ಅಕ್ಟೋಬರ್‌ನಲ್ಲಿ ಎಚ್-1ಬಿ ಸಂಬಳದ ಮಟ್ಟ ಏರಿಸಿದ ನಿಯಮವೂ ಹೀಗೇ ಅವಸರದಲ್ಲಿ ಬಂದು ಡಿಸೆಂಬರ್ 1ರಂದು ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಬಿದ್ದುಹೋಯಿತು.

ಕಾಮೆಂಟ್‌ನಿಂದ ಕರಡಿನ ಪದಗಳೇ ಬದಲಾಗಿದ್ದಕ್ಕೂ ಉದಾಹರಣೆ ಇದೆ. 2023ರ ಅಕ್ಟೋಬರ್ 23ರ ಎಚ್-1ಬಿ ಕರಡಿನಲ್ಲಿ, ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಅಥವಾ ಲಿಬರಲ್ ಆರ್ಟ್ಸ್ ಥರದ ಸಾಮಾನ್ಯ ಪದವಿ, ಅದರಲ್ಲಿ ಇನ್ನೇನೂ ವಿಶೇಷ ವಿಷಯ ಇಲ್ಲದಿದ್ದರೆ, ಎಚ್-1ಬಿಗೆ ಸಾಲದು ಅಂತ ಬರೆದಿದ್ದರು. ಎಂಬಿಎ ಮಾಡಿದೋರಿಗೆ ಎದೆ ಧಸಕ್ಕೆಂದಿತು. ಇದರ ವಿರುದ್ಧ ಬಹಳ ಜನ ಬರೆದರು. 2024ರ ಡಿಸೆಂಬರ್ 18ರಂದು ಬಂದ ಅಂತಿಮ ನಿಯಮದಲ್ಲಿ ಆ ಎರಡು ಪದವಿಗಳ ಹೆಸರೇ ಇರಲಿಲ್ಲ.

ಎಲ್ಲದಕ್ಕೂ ಕಾಮೆಂಟ್ ಅವಕಾಶ ಇರೋದಿಲ್ಲ, ಅದನ್ನೂ ತಿಳಿದಿರಿ. 2025ರ ಸೆಪ್ಟೆಂಬರ್ 19ರಂದು ಎಚ್-1ಬಿಗೆ ಒಂದು ಲಕ್ಷ ಡಾಲರ್ ಅಂತ ಬಂತಲ್ಲ, ಅದು ಅಧ್ಯಕ್ಷರ ಘೋಷಣೆ. ಅದಕ್ಕೆ ಈ ದಾರಿ ಇಲ್ಲ. ಇನ್ನು ‘ಇಂಟೆರಿಮ್ ಫೈನಲ್ ರೂಲ್’ ಅಂತ ಒಂದಿದೆ. ಅದು ಮೊದಲು ಜಾರಿಯಾಗುತ್ತದೆ, ಆಮೇಲೆ ಅಭಿಪ್ರಾಯ ಕೇಳುತ್ತಾರೆ. ನವೀಕರಣಕ್ಕೆ ಅರ್ಜಿ ಹಾಕಿದರೆ ವರ್ಕ್ ಪರ್ಮಿಟ್ ತನ್ನಷ್ಟಕ್ಕೆ ಮುಂದುವರಿಯುತ್ತಿದ್ದುದನ್ನು 2025ರ ಅಕ್ಟೋಬರ್ 30ರಂದು ನಿಲ್ಲಿಸಿದ್ದು ಹಾಗೆ. ಎಚ್-4ನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಅದರ ಬಿಸಿ ತಟ್ಟಿತು. ಅಂಥದ್ದಕ್ಕೂ ಕಾಮೆಂಟ್ ಕಳಿಸಿ, ದಾಖಲೆಯಲ್ಲಿ ಉಳಿಯುತ್ತದೆ.

ಈಗ ಕೆಲಸಕ್ಕೆ ಬರೋಣ. ಸುದ್ದಿ ಓದಿ ಕಾಮೆಂಟ್ ಬರೆಯಬೇಡಿ, ಮೂಲ ಕರಡನ್ನೇ ತೆಗೆಯಿರಿ. ಅದು ಫೆಡರಲ್ ರಿಜಿಸ್ಟರ್‌ನಲ್ಲಿ ಇರುತ್ತದೆ. ಇದು ನಮ್ಮ ರಾಜ್ಯಪತ್ರದಂಥದ್ದು, ಸರ್ಕಾರಿ ರಜೆ ಬಿಟ್ಟು ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಬರುತ್ತದೆ. ಫೆಡರಲ್‌ರಿಜಿಸ್ಟರ್ ಡಾಟ್ ಗವ್‌ನಲ್ಲಿ ಹುಡುಕಿ. ಮೇಲ್ಗಡೆ ‘ಆ್ಯಕ್ಷನ್’ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ‘ಪ್ರೊಪೋಸ್ಡ್ ರೂಲ್’ ಅಂತಿದ್ದರೆ ಕರಡು. ‘ಫೈನಲ್ ರೂಲ್’ ಅಂತಿದ್ದರೆ ಸಾಮಾನ್ಯವಾಗಿ ಕಾಮೆಂಟಿನ ಕಾಲ ಮುಗಿದಿದೆ ಅಂತಲೇ ಅರ್ಥ. ಅದರ ಕೆಳಗೆ ‘ಡೇಟ್ಸ್’. ಇದನ್ನು ಎರಡು ಸಲ ಓದಿ, ಯಾಕೆಂದರೆ ಒಂದೇ ಕರಡಿನಲ್ಲಿ ಎರಡು ಗಡುವು ಇರಬಹುದು. 2025ರ ಆಗಸ್ಟ್ 28ರಂದು ವಿದ್ಯಾರ್ಥಿಗಳಿಗೆ ಹೆಚ್ಚೆಂದರೆ ನಾಲ್ಕು ವರ್ಷದ ಅನುಮತಿ ಅಂತ ಒಂದು ಕರಡು ಬಂದಿತ್ತಲ್ಲ, ಅದರಲ್ಲಿ ನಿಯಮದ ಮೇಲಿನ ಕಾಮೆಂಟಿಗೆ ಸೆಪ್ಟೆಂಬರ್ 29 ಕೊನೆ ದಿನ, ಅದರ ಜೊತೆ ಬದಲಾಗುವ ಫಾರಂಗಳ ಮೇಲಿನ ಕಾಮೆಂಟಿಗೆ ಅಕ್ಟೋಬರ್ 27. ಈ ಎರಡನೇ ಗಡುವು ಸುಮಾರು ಜನರ ಕಣ್ಣಿಗೆ ಬೀಳೋದೇ ಇಲ್ಲ.

ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಆ ವಿದ್ಯಾರ್ಥಿ ಕರಡಿನದ್ದು ಐಸಿಇಬಿ-2025-0001. ಕಾಮೆಂಟ್ ಹೋಗಿ ಸೇರೋದು ಈ ನಂಬರಿನ ಕಡತಕ್ಕೆ.

ಕರಡು ಓದೋದು ಅಂದರೆ ಭಯ ಆಗುತ್ತದೆ, ನೂರಾರು ಪುಟ ಇರುವುದೂ ಉಂಟು. ಮೊದಲಿಂದ ಓದಲು ಹೋಗಬೇಡಿ. ಸಾರಾಂಶ ಓದಿ, ನೇರ ಕೊನೆಗೆ ಹೋಗಿ. ನಿಯಮದ ನಿಜವಾದ ಸಾಲುಗಳು ಇರೋದು ಕೊನೆಯ ಕೆಲವು ಪುಟಗಳಲ್ಲಿ, ನಾಳೆ ಕಾನೂನಾಗಿ ನಿಲ್ಲೋದು ಅವೇ. ಅದರಲ್ಲಿ ನಿಮಗೆ ತಟ್ಟುವ ಸೆಕ್ಷನ್ ಯಾವುದು ಅಂತ ಗುರುತಿಸಿ. ಆಮೇಲೆ ಹಿಂದೆ ಬಂದು, ಆ ಒಂದು ಸೆಕ್ಷನ್‌ಗೆ ಇಲಾಖೆ ಏನು ಕಾರಣ ಕೊಟ್ಟಿದೆ, ಖರ್ಚು ಎಷ್ಟು ಅಂತ ಲೆಕ್ಕ ಹಾಕಿದೆ ಅನ್ನೋದನ್ನಷ್ಟೇ ಓದಿ. ಕೆಲವು ಕಡೆ ಇಲಾಖೆಯೇ ‘ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯ ತಿಳಿಸಿ’ ಅಂತ ಕೇಳಿರುತ್ತದೆ. ಅಂಥ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದ್ದರೆ ಅದಕ್ಕಿಂತ ಒಳ್ಳೆ ಕಾಮೆಂಟ್ ಇನ್ನೊಂದಿಲ್ಲ.

ಬರೆಯುವಾಗ ಒಂದು ಮಾತು ಮನಸ್ಸಿನಲ್ಲಿರಲಿ. ಇದು ವೋಟು ಅಲ್ಲ. ಒಂದೇ ಪತ್ರವನ್ನು ಸಾವಿರ ಜನ ಕಾಪಿ ಮಾಡಿ ಕಳಿಸಿದರೂ ಅದರೊಳಗಿರೋ ವಾದ ಒಂದೇ, ಇಲಾಖೆ ಅದಕ್ಕೆ ಒಂದು ಸಲ ಉತ್ತರ ಕೊಟ್ಟರೆ ಮುಗಿಯಿತು. ಆದರೆ ಬೇರೆ ಯಾರೂ ಹೇಳದ ಒಂದು ಮುಖ್ಯವಾದ ಸಂಗತಿಯನ್ನು ನೀವು ಒಬ್ಬರೇ ಹೇಳಿದರೂ ಅದಕ್ಕೆ ಇಲಾಖೆ ಉತ್ತರ ಕೊಡಬೇಕಾಗುತ್ತದೆ, ಕೊಡದೆ ಬಿಟ್ಟರೆ ನಾಳೆ ಕೋರ್ಟಿನಲ್ಲಿ ಅದೇ ಅವರಿಗೆ ತೊಡಕು. ಹಾಗಾಗಿ ಗ್ರೂಪಿನಲ್ಲಿ ಬಂದ ರೆಡಿಮೇಡ್ ಪತ್ರ ಅಂಟಿಸಬೇಡಿ. ಇಂಗ್ಲಿಷ್ ತಿದ್ದಲು ಚಾಟ್‌ಜಿಪಿಟಿ ಬಳಸಿ, ತೊಂದರೆ ಇಲ್ಲ, ವಿಷಯ ಮಾತ್ರ ನಿಮ್ಮದೇ ಆಗಿರಲಿ.

ಉದಾಹರಣೆಗೆ, ‘ನಾವು ಕಷ್ಟಪಟ್ಟು ಬಂದಿದ್ದೇವೆ, ತೆರಿಗೆ ಕಟ್ಟುತ್ತೇವೆ, ಈ ನಿಯಮ ಅನ್ಯಾಯ, ದಯವಿಟ್ಟು ತರಬೇಡಿ’ ಅಂತ ಬರೆದರೆ ಓದುವ ಅಧಿಕಾರಿಗೆ ಹಿಡಿದುಕೊಳ್ಳಲು ಏನೂ ಸಿಗೋದಿಲ್ಲ. ಅದೇ ಹೀಗೆ ಬರೆದರೆ:

‘ನಾನು ಎಫ್-1 ವೀಸಾದಲ್ಲಿ ಎಂಜಿನಿಯರಿಂಗ್ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ವಿಭಾಗದ ಕೈಪಿಡಿಯಲ್ಲೇ ಈ ಪದವಿಗೆ ಐದರಿಂದ ಆರು ವರ್ಷ ಬೇಕು ಅಂತಿದೆ, ಆ ಪುಟವನ್ನು ಲಗತ್ತಿಸಿದ್ದೇನೆ. 8 ಸಿಎಫ್‌ಆರ್ 214.2(ಎಫ್)ಗೆ ನೀವು ಸೂಚಿಸಿರುವ ನಾಲ್ಕು ವರ್ಷದ ಮಿತಿ ಬಂದರೆ, ಓದಿನಲ್ಲಿ ಹಿಂದೆ ಬೀಳದವರು ಕೂಡ ಸಂಶೋಧನೆಯ ನಡುವೆ ವಿಸ್ತರಣೆಗೆ ಅರ್ಜಿ ಹಾಕಬೇಕಾಗುತ್ತದೆ. ನಾಲ್ಕು ವರ್ಷ ಸಾಕು ಅನ್ನುವುದು ಬ್ಯಾಚುಲರ್ ಪದವಿಗೆ ಸರಿ, ಪಿಎಚ್‌ಡಿಗೆ ಸರಿಯಲ್ಲ. ಪಿಎಚ್‌ಡಿಯವರಿಗೆ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿರುವ ಕೊನೆ ದಿನದವರೆಗೆ ಅನುಮತಿ ಕೊಡಬೇಕು.’

ನೋಡಿ, ಇಷ್ಟೇ. ನಾನು ಯಾರು, ಯಾವ ಸೆಕ್ಷನ್ (ಸಿಎಫ್‌ಆರ್ ಅಂದರೆ ಫೆಡರಲ್ ನಿಯಮಗಳ ಸಂಗ್ರಹ), ನನಗೆ ಗೊತ್ತಿರೋ ಸಂಗತಿ ಏನು, ಸಾಕ್ಷಿ ಏನು, ಅದರ ಬದಲು ಏನು ಮಾಡಬಹುದು. ಕೊನೆಯದನ್ನು ಮರೆಯಲೇಬೇಡಿ. ಬೇಡ ಅನ್ನೋರು ಸಾವಿರ ಜನ ಇರುತ್ತಾರೆ, ಬದಲಿಗೆ ಹೀಗೆ ಮಾಡಿ ಅನ್ನೋರು ಕಡಿಮೆ. ನಿಯಮ ಒಳ್ಳೆಯದು ಅನ್ನಿಸಿದರೆ ಅದನ್ನೂ ಬರೆಯಿರಿ. 2014ರಲ್ಲಿ ಎಚ್-4ನವರಲ್ಲಿ ಕೆಲವರಿಗೆ ಕೆಲಸದ ಅನುಮತಿ ಕೊಡುವ ಕರಡು ಬಂದಾಗ ಸುಮಾರು 13 ಸಾವಿರ ಕಾಮೆಂಟ್ ಬಂದಿದ್ದವು, 2015ರ ಮೇ 26ರಿಂದ ಅದು ಜಾರಿಯಾಯಿತು. ಪರವಾಗಿ ಬರೆಯೋರು ಸುಮ್ನೆ ಕೂತರೆ ಕಡತದಲ್ಲಿ ವಿರೋಧದ ಮಾತು ಮಾತ್ರ ಉಳಿಯುತ್ತದೆ, ಅಲ್ವಾ?

ಕಳಿಸೋದು ಸುಲಭ. ರೆಗ್ಯುಲೇಷನ್ಸ್ ಡಾಟ್ ಗವ್ ತೆಗೆದು ಡಾಕೆಟ್ ನಂಬರ್ ಹಾಕಿ, ಕಾಮೆಂಟ್ ಬಟನ್ ಒತ್ತಿ. ಪೆಟ್ಟಿಗೆಯಲ್ಲಿ 5,000 ಅಕ್ಷರ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಪಿಡಿಎಫ್ ಮಾಡಿ ಲಗತ್ತಿಸಿ. ಗಡುವಿನ ದಿನ ರಾತ್ರಿ 11:59ರವರೆಗೆ ಸಮಯ ಇರುತ್ತದೆ, ಅದು ಈಸ್ಟರ್ನ್ ಟೈಮ್. ಕ್ಯಾಲಿಫೋರ್ನಿಯಾದವರಿಗೆ 8:59ಕ್ಕೇ ಬಾಗಿಲು ಮುಚ್ಚುತ್ತದೆ. ವಲಸೆ ನೋಡಿಕೊಳ್ಳುವ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಕರಡುಗಳಿಗೆ ಕಾಮೆಂಟ್ ಇಂಗ್ಲಿಷ್‌ನಲ್ಲಿ ಇರಬೇಕು, ಇಲ್ಲವೇ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಅಂದರೆ ನಿಮ್ಮ ಅಪ್ಪ ಕನ್ನಡದಲ್ಲೇ ಬರೆದು, ನೀವು ಅನುವಾದ ಸೇರಿಸಿ ಕಳಿಸಬಹುದು.

ಹೆಸರು ಹಾಕಬೇಕಾ? ಅಲ್ಲಿ ವ್ಯಕ್ತಿ, ಸಂಸ್ಥೆ, ಅನಾಮಧೇಯ ಅಂತ ಮೂರು ಆಯ್ಕೆ ಇವೆ. ಕಳಿಸಿದ್ದೆಲ್ಲ ಸಾಮಾನ್ಯವಾಗಿ ಎಲ್ಲರಿಗೂ ಕಾಣುವ ಹಾಗೆ ಪ್ರಕಟವಾಗುತ್ತದೆ, ಹೆಸರಿದ್ದರೆ ಯಾರು ಬೇಕಾದರೂ ಹುಡುಕಬಹುದು. ವೀಸಾದಲ್ಲಿ ಇರೋರಿಗೆ ಅಳುಕಿದ್ದರೆ ಅನಾಮಧೇಯವಾಗಿ ಕಳಿಸಿ ಅಂತಲೇ ನಾನು ಹೇಳೋದು, ವಿಷಯ ಗಟ್ಟಿಯಾಗಿದ್ದರೆ ಅದರ ತೂಕ ಕಡಿಮೆಯಾಗೋದಿಲ್ಲ. ಪಾಸ್‌ಪೋರ್ಟ್ ನಂಬರ್, ವಲಸೆ ಇಲಾಖೆ ಕೊಟ್ಟ ಎ-ನಂಬರ್, ಅರ್ಜಿಯ ರಿಸೀಟ್ ನಂಬರ್, ಮನೆ ವಿಳಾಸ ಎಲ್ಲೂ ಬರೆಯಬೇಡಿ. ಲಗತ್ತಿಸೋ ಪಿಡಿಎಫ್‌ನಲ್ಲೂ ಒಂದು ಸಲ ನೋಡಿಕೊಳ್ಳಿ, ಅದರ ಪ್ರಾಪರ್ಟೀಸ್‌ನಲ್ಲಿ ನಿಮ್ಮ ಹೆಸರು ಕೂತಿರುತ್ತದೆ. ಕಂಪನಿಯ ಒಳಗಿನ ವಿಷಯವೂ ಬೇಡ.

ಇನ್ನು ಫಾರಂಗಳ ವಿಷಯ. ಇದು ಎಲ್ಲರಿಗೂ ಸಪ್ಪೆ ಅನ್ನಿಸುತ್ತದೆ, ಆದರೆ ನನ್ನ ಪ್ರಕಾರ ಸಾಮಾನ್ಯ ಜನ ಅತಿ ಚೆನ್ನಾಗಿ ಬರೆಯಬಹುದಾದ್ದು ಇಲ್ಲೇ. ಪೇಪರ್‌ವರ್ಕ್ ರಿಡಕ್ಷನ್ ಆ್ಯಕ್ಟ್ ಅಂತ ಒಂದು ಕಾನೂನಿದೆ. ಸರ್ಕಾರದ ಇಲಾಖೆ ಜನರಿಂದ ಮಾಹಿತಿ ಕೇಳಬೇಕಾದರೆ ಅಧ್ಯಕ್ಷರ ಬಜೆಟ್ ಕಚೇರಿಯಾದ ಒಎಂಬಿಯ ಒಪ್ಪಿಗೆ ಬೇಕು. ಅದಕ್ಕೇ ಗ್ರೀನ್ ಕಾರ್ಡಿನ ಅರ್ಜಿ ಐ-485ರ ಮೇಲ್ಗಡೆ ಮೂಲೆಯಲ್ಲಿ 1615-0023 ಅಂತ ಒಂದು ನಂಬರ್ ಇರೋದು. ಈ ಒಪ್ಪಿಗೆ ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷ. ಮತ್ತೆ ಕೇಳುವಾಗ ಮೊದಲು ಇಲಾಖೆ 60 ದಿನ ಕಾಮೆಂಟ್ ತೆಗೆದುಕೊಳ್ಳುತ್ತದೆ, ಆಮೇಲೆ ಒಎಂಬಿ ಮುಂದೆ ಇನ್ನೊಂದು 30 ದಿನ.

ಕೇಳೋದು ಮುಖ್ಯವಾಗಿ ನಾಲ್ಕೇ ಪ್ರಶ್ನೆ. ಈ ಮಾಹಿತಿ ನಿಜವಾಗಿ ಬೇಕಾ, ಉಪಯೋಗಕ್ಕೆ ಬರುತ್ತಾ? ಫಾರಂ ತುಂಬಲು ಇಷ್ಟು ಹೊತ್ತು ಹಿಡಿಯುತ್ತದೆ ಅಂತ ಹಾಕಿದ ಲೆಕ್ಕ ಸರಿಯಾ? ಪ್ರಶ್ನೆಗಳು ಸ್ಪಷ್ಟವಾಗಿವೆಯಾ? ಹೊರೆ ಕಡಿಮೆ ಮಾಡೋದು ಹೇಗೆ? ಇವಕ್ಕೆ ಉತ್ತರ ಫಾರಂ ತುಂಬಿದೋರಿಗೇ ಗೊತ್ತು. ಬಾಣಂತನಕ್ಕೆ ಅಂತ ಹಾಸನದಿಂದ ಬರೋ ಅಮ್ಮ ತುಂಬೋ ವೀಸಾ ಅರ್ಜಿ ಡಿಎಸ್-160ಯಲ್ಲಿ ಹಿಂದಿನ ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಕೇಳುತ್ತಾರೆ. ಮಗ ಮಾಡಿಕೊಟ್ಟ ಫೇಸ್‌ಬುಕ್ ಖಾತೆಯ ಯೂಸರ್‌ನೇಮ್ ಅವರಿಗೆ ಎಲ್ಲಿ ನೆನಪಿರುತ್ತದೆ? ಅದನ್ನು ಹುಡುಕಲು ಹೋದ ಹೊತ್ತು, ಒಂದು ಹೆಸರು ಬಿಟ್ಟುಹೋದರೆ ಸುಳ್ಳು ಹೇಳಿದಂತಾಗುತ್ತಾ ಅನ್ನೋ ಗೊಂದಲ, ಇವೆರಡನ್ನೇ ಬರೆದು, ಖಾತೆ ಗೊತ್ತಿಲ್ಲ ಅಥವಾ ನೆನಪಿಲ್ಲ ಅನ್ನೋ ಆಯ್ಕೆ ಕೊಡಿ ಅಂತ ಕೇಳಿದರೆ ಅದು ಪೂರ್ತಿ ಒಂದು ಕಾಮೆಂಟ್. 2025ರ ಮಾರ್ಚ್ 5ರಂದು ಐ-485, ಪೌರತ್ವದ ಅರ್ಜಿ ಎನ್-400 ಸೇರಿದಂತೆ ಹಲವು ಫಾರಂಗಳಿಗೂ ಇದೇ ಪ್ರಶ್ನೆ ಸೇರಿಸಲು ವಲಸೆ ಅರ್ಜಿಗಳನ್ನು ನೋಡುವ ಯುಎಸ್‌ಸಿಐಎಸ್ ಪ್ರಕಟಣೆ ಹೊರಡಿಸಿ, ಮೇ 5ರವರೆಗೆ ಕಾಮೆಂಟ್ ಕೇಳಿತ್ತು.

30 ದಿನದ ಎರಡನೇ ಸುತ್ತು ಸಾಮಾನ್ಯವಾಗಿ ರೆಗ್‌ಇನ್ಫೋ ಡಾಟ್ ಗವ್‌ನಲ್ಲಿ ನಡೆಯುತ್ತದೆ, ಆದರೆ ಪ್ರಕಟಣೆಯ ‘ಅಡ್ರೆಸಸ್’ ಭಾಗದಲ್ಲಿ ಎಲ್ಲಿಗೆ ಕಳಿಸಬೇಕು ಅಂತ ಇದೆಯೋ ಅಲ್ಲಿಗೇ ಕಳಿಸಿ. ಮೊದಲ ಸುತ್ತಿನಲ್ಲಿ ಬರೆದದ್ದಕ್ಕೆ ಇಲಾಖೆ ಕೊಟ್ಟ ಉತ್ತರ ಹಾರಿಕೆಯದಾಗಿದ್ದರೆ, ಅದನ್ನೇ ಎತ್ತಿ ತೋರಿಸಲು ಇದು ಸರಿಯಾದ ಜಾಗ.

ಕಳಿಸಿದ ಮೇಲೆ ಟ್ರ್ಯಾಕಿಂಗ್ ನಂಬರ್ ಬರುತ್ತದೆ, ಸ್ಕ್ರೀನ್‌ಶಾಟ್ ತೆಗೆದಿಡಿ. ಕಾಮೆಂಟ್ ಸೈಟಿನಲ್ಲಿ ಕಾಣಲು ದಿನಗಳು, ಕೆಲವು ಸಲ ವಾರಗಳೇ ಹಿಡಿಯಬಹುದು. ಕಾಣಲಿಲ್ಲ ಅಂತ ಮತ್ತೆ ಮತ್ತೆ ಕಳಿಸಬೇಡಿ. ಆ ಡಾಕೆಟ್‌ಗೆ ಇಮೇಲ್ ಅಲರ್ಟ್ ಹಾಕಿಕೊಳ್ಳಿ. ಅಂತಿಮ ನಿಯಮ ಬಂದ ದಿನ ಅದರಲ್ಲಿ ಕಾಮೆಂಟ್‌ಗಳಿಗೆ ಉತ್ತರ ಕೊಟ್ಟಿರುವ ಭಾಗಕ್ಕೆ ಹೋಗಿ, ನಿಮ್ಮ ಸೆಕ್ಷನ್ ನಂಬರ್ ಹುಡುಕಿ. ಹೆಸರು ಇರೋದಿಲ್ಲ, ‘ಒಬ್ಬ ಕಾಮೆಂಟರ್ ಹೀಗೆ ಹೇಳಿದರು’ ಅಂತ ಶುರುವಾಗುತ್ತದೆ, ಕೆಳಗೆ ಇಲಾಖೆಯ ಉತ್ತರ. ಅಲ್ಲಿ ನಿಮ್ಮ ಮಾತಿಗೆ ಉತ್ತರವೇ ಇಲ್ಲದಿದ್ದರೆ, ಆ ನಿಯಮದ ಮೇಲೆ ಕೇಸು ಹಾಕಲು ಹೊರಟಿರುವ ವಲಸಿಗರ ಸಂಘಟನೆಗೋ ಅವರ ಲಾಯರಿಗೋ ನಿಮ್ಮ ಟ್ರ್ಯಾಕಿಂಗ್ ನಂಬರ್ ತಿಳಿಸಿ.