ಪಾಲಿಶರ್‌ಗೆ ಪ್ಲೇಟಿಗಿಂತ ಅರ್ಧ ಇಂಚು ದೊಡ್ಡ ಪ್ಯಾಡು
ಕಾರಿನ ಬಣ್ಣಕ್ಕೆ ಪಾಲಿಶ್ ಮಾಡುವ ಡ್ಯುಯಲ್ ಆಕ್ಷನ್ (ತಿರುಗುತ್ತಲೇ ಸಣ್ಣ ಸುತ್ತು ಹಾಕುವ) ಯಂತ್ರದ ಜೊತೆಗೆ 6 ಇಂಚಿನ ಬ್ಯಾಕಿಂಗ್ ಪ್ಲೇಟು (ಫೋಮ್ ಪ್ಯಾಡನ್ನು ಅಂಟಿಸುವ ಗಟ್ಟಿ ತಟ್ಟೆ) ಬಂದಿದ್ದರೂ, ತಯಾರಕರು 5 ಇಂಚಿನದನ್ನು ಒಪ್ಪುವುದಾದರೆ ಅದನ್ನೇ ಹಾಕಿ, ಅದರ ಮೇಲೆ ಐದೂವರೆ ಇಂಚಿನ ಪ್ಯಾಡನ್ನು ನಡುವಿಗೆ ಸರಿಯಾಗಿ ಕೂರಿಸಿಕೊಳ್ಳಿ. ಸುತ್ತಲೂ ಕಾಲು ಇಂಚು ಫೋಮ್ ಹೊರಗುಳಿಯುವುದರಿಂದ ಪ್ಲೇಟಿನ ಗಟ್ಟಿ ಅಂಚು ಬಣ್ಣಕ್ಕೆ ತಾಗುವುದಿಲ್ಲ. ಪ್ಯಾಡು ಚಿಕ್ಕದಾದಷ್ಟೂ ಯಂತ್ರದ ಮೇಲಿನ ಹೊರೆ ತಗ್ಗಿ, ಬಾನೆಟ್ಟಿನ ಉಬ್ಬುತಗ್ಗುಗಳ ಮೇಲೂ ಅದು ನಿಲ್ಲದೆ ತಿರುಗುತ್ತದೆ, ಕೈಯ ಒತ್ತಡ ಕಡಿಮೆ ಜಾಗದಲ್ಲಿ ಬೀಳುವುದರಿಂದ ಗೀರುಗಳೂ ಬೇಗ ಅಳಿಯುತ್ತವೆ. ಪ್ಯಾಡು ಪ್ಲೇಟಿಗಿಂತ ದೊಡ್ಡದಿರಬೇಕೆಂದು ಅದೇ ಪ್ಲೇಟಿಗೆ 7 ಇಂಚಿನ ಪ್ಯಾಡು ಅಂಟಿಸಿದರೆ ಅಂಚು ಪಟಪಟನೆ ಬಡಿದುಕೊಳ್ಳುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ. ಪ್ಲೇಟಿನ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟರೆ, ಪ್ಯಾಡು ತಿರುಗುತ್ತಿದೆಯೋ ಬರೀ ನಡುಗುತ್ತಿದೆಯೋ ಎಂಬುದು ಕಣ್ಣಿಗೇ ಕಾಣುತ್ತದೆ. ಕಾಸಿಲ್ಲದ ಉಪಾಯವಾದರೂ ಇದನ್ನು ಬಿಡಬೇಡಿ. 21 ಮಿ.ಮೀ.ನಂಥ ದೊಡ್ಡ ಕಕ್ಷೆಯ (ಪ್ಯಾಡು ಹಾಕುವ ಸುತ್ತಿನ ಅಗಲ ಹೆಚ್ಚಿರುವ) ಯಂತ್ರಗಳಲ್ಲಿ ಮಾತ್ರ ಈ ಬದಲಾವಣೆ ಕೈಕೊಡಬಹುದು, ಏಕೆಂದರೆ ಅವುಗಳೊಳಗಿನ, ಅದುರಾಟ ತಡೆಯುವ ಪ್ರತಿಭಾರವನ್ನು ನಿರ್ದಿಷ್ಟ ಅಳತೆಯ ಪ್ಲೇಟಿಗೆ ಹೊಂದಿಸಿರುತ್ತಾರೆ, ಬೇರೆಯದನ್ನು ಹಾಕಿದರೆ ಕೈ ಜೋಮು ಹಿಡಿಯುವಷ್ಟು ಅದುರುತ್ತದೆ. ಬಂಪರಿನ ಮೂಲೆ, ಬಾಗಿಲ ಹಿಡಿಕೆಯ ಸುತ್ತಲಿನ ಜಾಗಗಳಿಗೆ 3 ಇಂಚಿನ ಪ್ಯಾಡೇ ಬೇಕು. ಇನ್ನು ವಿಜಯಪುರ, ಬಾಗಲಕೋಟೆಗಳ ಬೇಸಿಗೆಯಲ್ಲಿ ಬಿಸಿಲಿಗೆ ಕಾದು ನಿಂತ ಕಾರಿನ ಮೇಲೆ ಪಾಲಿಶ್ ಕೂಡಲೇ ಒಣಗುವುದರಿಂದ ಯಾವ ಅಳತೆಯೂ ನೆರವಾಗದು. ಎರೆಮಣ್ಣಿನ ಧೂಳನ್ನು ಚೆನ್ನಾಗಿ ತೊಳೆದು, ನೆರಳಿನಲ್ಲಿ ತಗಡು ತಣ್ಣಗಾದ ಮೇಲೆಯೇ ಯಂತ್ರ ಹಚ್ಚಿರಿ.