ಹಳೇ ಲೆನ್ಸ್, ಗೋಡೆ ಮೇಲೆ ಪೇಪರ್, ಕೈಯಲ್ಲಿ ಒಂದು ವಾರ

ಅಂಗಡಿಯವರು ಒಂದು ವಾರ ಟೈಮ್ ಕೊಟ್ಟಿದ್ದರು. ಹಿಡಿಸದಿದ್ದರೆ ಲೆನ್ಸ್ ವಾಪಸ್. ನಿಕಾನ್‌ನ ಹಳೇ ಮ್ಯಾನುವಲ್ 50 ಎಂಎಂ ಎಫ್/1.8 ಅದು. ಎಫ್ ಅಂದರೆ ಬೆಳಕು ಒಳಗೆ ಬಿಡುವ ಕಿಂಡಿಯ, ಅಂದರೆ ಅಪರ್ಚರ್‌ನ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ನನ್ನ ಹತ್ತಿರ ಇರುವುದು ಸೋನಿ ಇ-ಮೌಂಟ್‌ನ 24 ಮೆಗಾಪಿಕ್ಸೆಲ್ ಮಿರರ್‌ಲೆಸ್ ಕ್ಯಾಮೆರಾ, ಒಳಗೆ ಚಿತ್ರ ಹಿಡಿಯುವುದು ಎಪಿಎಸ್-ಸಿ ಗಾತ್ರದ ಸೆನ್ಸರ್. ಲೆನ್ಸ್ ನೇರವಾಗಿ ಕೂರುವುದಿಲ್ಲ, ಹಾಗಾಗಿ ಎರಡರ ಮಧ್ಯೆ ಜೋಡಿಸುವ ಬಳೆ, ಒಂದು ಅಗ್ಗದ ಅಡಾಪ್ಟರ್.

ಲೆನ್ಸ್ ಎಷ್ಟು ಸ್ಪಷ್ಟ ಅಂತ ಪರೀಕ್ಷಿಸೋಕೆ ಟೆಸ್ಟ್ ಚಾರ್ಟ್ ಅಂತ ದುಡ್ಡು ಹಾಕಲಿಲ್ಲ. ಹಾಲ್‌ನ ಗೋಡೆ ತುಂಬ ಕನ್ನಡ ಪೇಪರ್ ಅಂಟಿಸಿದೆ. ಅಂಚುಗಳಲ್ಲಿ ಸಣ್ಣಕ್ಷರದ ವರ್ಗೀಕೃತ ಜಾಹೀರಾತು ಬರುವ ಹಾಗೆ ನೋಡಿಕೊಂಡೆ. ಈ ಕೆಲಸಕ್ಕೆ ಕನ್ನಡ ಲಿಪಿ ಹೇಳಿ ಮಾಡಿಸಿದ ಹಾಗಿದೆ. ದ ಮತ್ತು ಧ ನಡುವೆ ಇರುವುದು ಕೆಳಗಿನ ಪುಟ್ಟ ಸೀಳು ಮಾತ್ರ. ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಒಂದೇ ಗೆರೆ. ಫೋಟೋದ ಮೂಲೆಯಲ್ಲಿ 'ವಧು' ಹೋಗಿ 'ವದು' ಆಗಿದ್ದರೆ ಲೆನ್ಸ್ ಅಲ್ಲಿ ಸೋತಿದೆ ಅಂತ ಅರ್ಥ!

ಎರಡೂವರೆ ಮೀಟರ್ ದೂರದಲ್ಲಿ ಟ್ರೈಪಾಡ್, ಐಎಸ್‌ಒ 100, ಎರಡು ಸೆಕೆಂಡ್ ಟೈಮರ್, ರಾ ಫೈಲ್. ವ್ಯೂಫೈಂಡರ್‌ನಲ್ಲಿ ದೊಡ್ಡದು ಮಾಡಿ ಫೋಕಸ್ ಮಾಡಿದೆ. ಪ್ರತಿ ಅಪರ್ಚರ್‌ಗೂ ಹೊಸದಾಗಿ ಫೋಕಸ್ ಮಾಡಿ ಮೂರು ಫೋಟೋ ತೆಗೆದು, ಒಳ್ಳೆಯದನ್ನು ಇಟ್ಟುಕೊಂಡೆ. ಇಲ್ಲದಿದ್ದರೆ ನಮ್ಮ ಕೈತಪ್ಪು ಲೆನ್ಸ್ ಲೆಕ್ಕಕ್ಕೆ ಹೋಗುತ್ತದೆ. ಮೊದಲ ಸುತ್ತು ಪೂರ್ತಿ ವೇಸ್ಟ್. ಫ್ಯಾನ್ ಆರಿಸಿರಲಿಲ್ಲ, ಪೇಪರ್ ಅಲ್ಲಾಡುತ್ತಿತ್ತು.

ಎರಡನೇ ಸುತ್ತಿನಲ್ಲಿ ಎಫ್/1.8ಕ್ಕೆ ಬಲಗಡೆ ಚೆನ್ನಾಗಿದೆ, ಎಡಗಡೆ ಕಲಸಿದ ಹಾಗಿದೆ. ಸಿಟ್ಟು ಬಂತು. ಅಂಗಡಿಗೆ ಫೋನ್ ಮಾಡಿ ಜೋರು ಮಾಡಿದೆ. "ಸಾರ್, ಕ್ಯಾಮೆರಾ ಗೋಡೆಗೆ ನೇರ ಇದೆಯಾ ನೋಡಿದ್ರಾ?" ಅಂದರು. ನೋಡಿರಲಿಲ್ಲ.

ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಕನ್ನಡಿ ಬೇಕು. ಪೇಪರ್ ನಡುವೆ ಒಂದು ಚಿಕ್ಕ ಕನ್ನಡಿಯನ್ನು ಗೋಡೆಗೆ ಒತ್ತಿ ಅಂಟಿಸಿ, ಅದರಲ್ಲಿ ಕಾಣುವ ಲೆನ್ಸ್ ಸ್ಕ್ರೀನಿನ ನಟ್ಟನಡುವೆ ಬರುವ ತನಕ ಕ್ಯಾಮೆರಾ ಸರಿಸಿ, ತಿರುಗಿಸಿ ಹೊಂದಿಸಬೇಕು. ಬಂತು ಅಂದರೆ ಸೆನ್ಸರ್ ಗೋಡೆಗೆ ಸಮಾಂತರ ಇದೆ. ಆಮೇಲೆ ಫೋಕಸ್ ಮತ್ತೆ ಪೇಪರ್‌ಗೆ ತರಬೇಕು. ಕನ್ನಡಿಯೊಳಗಿನ ಲೆನ್ಸ್ ಎರಡರಷ್ಟು ದೂರದಲ್ಲಿರುತ್ತದೆ, ಅಲ್ವಾ?

ಇಷ್ಟಾದರೂ ಎಡಗಡೆ ಮಸುಕು ಹೋಗಲಿಲ್ಲ. ಟ್ರೈಪಾಡ್‌ನ ನಡುಗಂಬವನ್ನು ತಿರುಗಿಸಿ ಹಾಕಿ, ಕ್ಯಾಮೆರಾ ತಲೆಕೆಳಗಾಗಿ ನೇತುಹಾಕಿದೆ. ಕನ್ನಡಿ ಇಟ್ಟು ಮತ್ತೆ ಹೊಂದಿಸಿದೆ. ಈಗ ಪೇಪರ್‌ನ ಎಡಗಡೆ 'ವಧು' ಸರಿಯಾಗಿ ಕಾಣಿಸಿದಳು, ಮಸುಕು ಬಲಗಡೆಗೆ ಬಂದಿತ್ತು. ಅಂದರೆ ತಪ್ಪು ಗೋಡೆಯದ್ದಲ್ಲ, ಕ್ಯಾಮೆರಾ ಕಡೆಯದ್ದೇ.

ಲೆನ್ಸ್ ವಾಪಸ್ ಕೊಡೋಣ ಅಂತ ಡಬ್ಬಕ್ಕೂ ಹಾಕಿದ್ದೆ. ಸುಮ್ನೆ ಒಂದು ಸಲ ನೋಡೋಣ ಅಂತ ಗೆಳೆಯನ ಅಡಾಪ್ಟರ್ ತಂದು ಹಾಕಿದೆ. ಎರಡೂ ಅಂಚು ಒಂದೇ ಸಮ! ನಿಕಾನ್ ಲೆನ್ಸ್ ಸೆನ್ಸರ್‌ನಿಂದ 46.5 ಮಿಲಿಮೀಟರ್ ದೂರ ಕೂರಬೇಕು. ಸೋನಿ ಮೌಂಟ್‌ನದ್ದು 18. ಉಳಿದ 28.5 ಮಿಲಿಮೀಟರ್ ತುಂಬಿಸುವುದೇ ಅಡಾಪ್ಟರ್ ಕೆಲಸ, ಅದು ಸುತ್ತಲೂ ಒಂದೇ ಸಮ ಇರಬೇಕು. ಎಫ್/1.8ರಲ್ಲಿ ಅದು ಕೂದಲೆಳೆಗಿಂತ ಕಡಿಮೆ ವಾಲಿದರೂ ಒಂದು ಕಡೆ ಫೋಕಸ್ ತಪ್ಪುತ್ತದೆ. ಎಫ್/8ರಲ್ಲಿ ಇಂಥದ್ದು ಗೊತ್ತೇ ಆಗುವುದಿಲ್ಲ. ಅದಕ್ಕೇ ಪರೀಕ್ಷೆಯನ್ನು ಪೂರ್ತಿ ತೆರೆದ ಅಪರ್ಚರ್‌ನಿಂದಲೇ ಶುರು ಮಾಡಬೇಕು.

ಆ ಅಡಾಪ್ಟರ್‌ನಲ್ಲೇ ಉಳಿದದ್ದು ಮುಗಿಸಿದೆ. ಎಫ್/1.8ಕ್ಕೆ ನಡುವಿನ ಅಕ್ಷರ ಓದಬಹುದು, ಆದರೆ ಕೆನೆ ಕಟ್ಟಿದ ಹಾಗೆ ಮಬ್ಬು. ಎಫ್/2.8ಕ್ಕೆ ಅದು ಹೋಯಿತು. ಮೂಲೆಯ ಧ ಸೀಳು ಕಂಡದ್ದು ಎಫ್/5.6ಕ್ಕೆ. ಎಫ್/16ರಲ್ಲಿ ಇಡೀ ಚಿತ್ರ ಸ್ವಲ್ಪ ಮೆತ್ತಗಾಯಿತು. ಅದು ಡಿಫ್ರಾಕ್ಷನ್, ಅಂದರೆ ಪುಟ್ಟ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು; ಯಾವ ಲೆನ್ಸೂ ತಪ್ಪಿಸಿಕೊಳ್ಳುವುದಿಲ್ಲ. ತಾರಸಿಯಿಂದ ಬಿಳಿ ಆಕಾಶದ ಮುಂದಿನ ತೆಂಗಿನಗರಿ ತೆಗೆದಾಗ ಎಫ್/1.8ಕ್ಕೆ ಅಂಚಿಗೆಲ್ಲ ನೇರಳೆ ಬಣ್ಣ. ಎಫ್/4ಕ್ಕೆ ಬಹಳ ಕಡಿಮೆ. ಇಷ್ಟೆಲ್ಲ ಕಾಣುವುದು 100% ಜೂಮ್‌ನಲ್ಲಿ, ಅಂದರೆ ಚಿತ್ರದ ಒಂದು ಪಿಕ್ಸೆಲ್‌ಗೆ ಮಾನಿಟರ್‌ನ ಒಂದು ಪಿಕ್ಸೆಲ್. 6000 ಪಿಕ್ಸೆಲ್ ಅಗಲದ ಚಿತ್ರ ಸಾಮಾನ್ಯ ಮಾನಿಟರ್ ಲೆಕ್ಕದಲ್ಲಿ ಆಗ ಸುಮಾರು ಐದು ಅಡಿ ಅಗಲ ಆಗುತ್ತದೆ. ಅಷ್ಟು ದೊಡ್ಡ ಪ್ರಿಂಟ್ ನಾನು ಇವತ್ತಿನವರೆಗೂ ಹಾಕಿಸಿಲ್ಲ.

ಆರನೇ ದಿನ ಅಂಗಡಿಗೆ ಹೋದೆ, ಬೇರೆ ಅಡಾಪ್ಟರ್ ಕೊಳ್ಳೋಕೆ. ನನ್ನ ಫೋನ್ ಜಗಳ ಅವರಿಗೆ ಚೆನ್ನಾಗಿ ನೆನಪಿತ್ತು. ಮೂರು ಅಡಾಪ್ಟರ್ ಎದುರಿಗಿಟ್ಟು, ಬೇಕಾದ್ದು ಹಾಕಿ ನೋಡಿ ಅಂದರು. ಗೋಡೆಗೆ ಪೇಪರ್ ಅಂಟಿಸೋಕೆ ಮಾತ್ರ ಬಿಡಲಿಲ್ಲ.